ಮೊದಲ ಪಾತ್ರ ಕಟ್ಟುತ್ತಿದ್ದೇನೆ: ಈ ಏಳನ್ನು ಎಲ್ಲಿ ಇಡಲಿ?

ನಾಲೆ ಪಕ್ಕದ ಮನೆ
ಎಲ್ಲರಿಗೂ ನಮಸ್ಕಾರ. ಊರು ಮಂಡ್ಯದ ಹತ್ತಿರ, ಕೆಲಸ ಮೈಸೂರಿನಲ್ಲಿ. ಕುವೆಂಪುನಗರದಲ್ಲಿ ಗೆಳೆಯನ ಮನೆಯ ಮಹಡಿಯಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಶುರು ಮಾಡುತ್ತಿದ್ದೇವೆ: ಮೇಜಿನ ಸುತ್ತ ಕುಳಿತು, ದಾಳ ಹಾಕುತ್ತಾ, ಪಾತ್ರಗಳಾಗಿ ಕಥೆ ನಡೆಸುವ ಆಟ. ಒಬ್ಬ ಆಟ ನಡೆಸುತ್ತಾನೆ, ನಾವು ನಾಲ್ವರು ಪಾತ್ರಧಾರಿಗಳು. ಐದನೇ ಆವೃತ್ತಿ, 2014ರ ನಿಯಮಗಳು, ಒಂದನೇ ಹಂತದಿಂದ ಆರಂಭ. ಬೇರೆಯವರು ಆಡುವುದನ್ನು ಬಹಳ ನೋಡಿದ್ದೇನೆ. ನಾನೇ ಪಾತ್ರ ಕಟ್ಟುತ್ತಿರುವುದು ಇದೇ ಮೊದಲು.

ಎಲ್ಲರ ಎದುರಿಗೇ ದಾಳ ಹಾಕಿದೆವು. ನಾಲ್ಕು ದಾಳ ಎಸೆದು ಅತಿ ಚಿಕ್ಕದನ್ನು ಬಿಟ್ಟು ಉಳಿದ ಮೂರನ್ನು ಕೂಡುವ ಕ್ರಮ. ಹೀಗೆ ಬಂದ ಆರು ಅಂಕಗಳನ್ನು ಪಾತ್ರದ ಬಲ, ಬುದ್ಧಿ, ವರ್ಚಸ್ಸು ಮುಂತಾದ ಆರು ಗುಣಗಳಿಗೆ ಹಂಚಬೇಕು. ನನಗೆ ಬಂದದ್ದು 16, 14, 13, 12, 9, 7. ಮನೆಗೆ ಬಂದು ಒಂದು ವಾರ ಕುಳಿತು ಹನ್ನೊಂದು ಪುಟ ಹಿನ್ನೆಲೆ ಬರೆದೆ: ಎಲ್ಫ್ ರಾಜಕುಮಾರ, ಸುಟ್ಟುಹೋದ ಅರಮನೆ, ಕಳೆದುಹೋದ ಖಡ್ಗ. ಗೆಳೆಯ ಅಷ್ಟನ್ನೂ ಓದಿ ಒಂದೇ ಪ್ರಶ್ನೆ ಕೇಳಿದ: "ಇವನು ಉಳಿದ ಮೂವರ ಜೊತೆ ಯಾಕೆ ಹೊರಡುತ್ತಾನೆ?" ಹನ್ನೊಂದು ಪುಟದಲ್ಲಿ ಎಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಆ 7 ಯಾವ ಗುಣಕ್ಕೆ ಹೋದರೆ ಒಳ್ಳೆಯದು? ಎಲ್ಫ್ ರಾಜಕುಮಾರನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬೇರೆಯವರ ಕಥೆಗಳಿಂದ ಬಂದದ್ದು. ಅವನ ಬದಲು ನಮ್ಮ ಕಡೆಯ ಒಬ್ಬ ಮನುಷ್ಯನನ್ನು ಈ ಆಟಕ್ಕೆ ತರಬಹುದೇ?

ಇಪ್ಪತ್ತು ಮುಖ
7 ವರ್ಚಸ್ಸಿಗೆ. 16 ಬಲಕ್ಕೆ. ಕಾಳಗದ ವರ್ಗವಾದ ಫೈಟರ್ ಆಗಿ. ಮೊದಲ ಸಲ ಆಡುವವರು ಅದನ್ನೇ ಆಡಬೇಕು.

ಸರಸ್ವತಿಪುರಂ ಪಡಸಾಲೆ
ಪಾತ್ರದ ಮಾತು ಆಮೇಲೆ. ದಾಳ ಹಾಕಿ ಅಂಕ ಪಡೆಯುವ ಪದ್ಧತಿಯನ್ನೇ ನಾನು ಒಪ್ಪುವುದಿಲ್ಲ. ನಮ್ಮ ಮೇಜಿನಲ್ಲಿ ಒಬ್ಬರಿಗೆ ಎರಡು 18 ಬಿದ್ದವು, ಇನ್ನೊಬ್ಬಳಿಗೆ 13ರ ಮೇಲೆ ಒಂದೂ ಬೀಳಲಿಲ್ಲ. ಪ್ರತಿ ಕಾಳಗದಲ್ಲೂ ಅವರು ಹೊಡೆಯುವುದು, ಇವಳು ತಪ್ಪುವುದು. ನಾಲ್ಕನೇ ವಾರದಿಂದ ಆಕೆ ಬರುವುದನ್ನೇ ನಿಲ್ಲಿಸಿದಳು. ಒಳ್ಳೆಯ ಆಟಗಾರ್ತಿ, ಕಥೆಯ ಎಳೆ ಹಿಡಿಯುವುದರಲ್ಲಿ ನಮ್ಮೆಲ್ಲರಿಗಿಂತ ಚುರುಕು. ಇವತ್ತಿಗೂ ನನಗೆ ಆ ಬೇಸರ ಹೋಗಿಲ್ಲ. ಎಲ್ಲರಿಗೂ 27 ಅಂಕ ಕೊಟ್ಟು, ಅದರಲ್ಲಿ ಗುಣಗಳನ್ನು ಕೊಂಡುಕೊಳ್ಳುವ ಕ್ರಮವಿದೆ, ಇಲ್ಲವೇ 15, 14, 13, 12, 10, 8 ಎಂಬ ಸಿದ್ಧ ಸಾಲು ಇದೆ. ಎಲ್ಲರೂ ಸಮನಾಗಿ ಹೊರಡುತ್ತಾರೆ.

ಚೌಕಾಬಾರ
ಸಮನಾಗಿ ಹೊರಡುವುದೇ ಮುಖ್ಯವಾದರೆ ದಾಳ ಯಾಕೆ ಬೇಕು? ನಮ್ಮಜ್ಜಿಯ ಜೊತೆ ಚೌಕಾಬಾರ ಆಡಿ ಬೆಳೆದವನು ನಾನು. ನಾಲ್ಕು ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಜಗಲಿಯ ಕಲ್ಲಿಗೆ ಉಜ್ಜಿ ಒಂದು ಬದಿ ಬಿಳಿ ಮಾಡಿಕೊಳ್ಳುತ್ತಿದ್ದೆವು. ಅಜ್ಜಿ ಹೇಳುತ್ತಿದ್ದುದು, "ಗರ ಬಿದ್ದದ್ದು ಬಿದ್ದಿತು, ಕಾಯಿ ನಡೆಸುವುದು ನಿನ್ನ ಕೈಯಲ್ಲಿದೆ". ಗರ ಕೊಟ್ಟದ್ದನ್ನು ನಡೆಸುವುದರಲ್ಲಿಯೇ ರುಚಿ ಇದೆ. 27 ಅಂಕ ಲೆಕ್ಕ ಹಾಕಿ ಕಟ್ಟಿದ ಪಾತ್ರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ.

ಸರಸ್ವತಿಪುರಂ ಪಡಸಾಲೆ
ಚೌಕಾಬಾರ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಸೋತರೆ ಮತ್ತೆ ಹೂಡಬಹುದು. ಇಲ್ಲಿ ಒಂದು ದಿನದ ಗರವನ್ನು ಒಂದು ವರ್ಷ ಹೊತ್ತುಕೊಂಡು ತಿರುಗಬೇಕು. ಎರಡನ್ನೂ ಹೋಲಿಸುವುದು ಸರಿಯಲ್ಲ.

ಲೆಕ್ಕದ ಮೇಷ್ಟ್ರು
ಜಗಳ ಬೇಡ, ಲೆಕ್ಕ ನೋಡಿ. ಇವರ ಆರು ಅಂಕಗಳ ಮೊತ್ತ 71. ಸಿದ್ಧ ಸಾಲಿನ ಮೊತ್ತ 72. ನಾಲ್ಕು ದಾಳದಲ್ಲಿ ಚಿಕ್ಕದನ್ನು ಬಿಟ್ಟರೆ ಸರಾಸರಿ 12.24, ಆರು ಸಲಕ್ಕೆ 73ರ ಸ್ವಲ್ಪ ಮೇಲೆ. ಅಂದರೆ ಇವರಿಗೆ ಬಂದದ್ದು ಕೆಟ್ಟ ಗರವೇನಲ್ಲ, ಹರಡಿಕೆ ಮಾತ್ರ ಹೆಚ್ಚು. 18 ಬೀಳುವ ಸಾಧ್ಯತೆ 1,296ರಲ್ಲಿ 21, ನೂರಕ್ಕೆ ಎರಡೂ ಇಲ್ಲ. ಒಬ್ಬರಿಗೇ ಎರಡು 18 ಬಿದ್ದದ್ದು ಅಪರೂಪದ ಸಂಗತಿ, ಅದನ್ನೇ ಪದ್ಧತಿಯ ದೋಷ ಎನ್ನಲಾಗದು.

ಇನ್ನೊಂದು ಮಾತು. ಮಾನವ ಪಾತ್ರ ಮಾಡಿದರೆ ಆರೂ ಗುಣಗಳಿಗೆ ಒಂದೊಂದು ಸೇರುತ್ತದೆ: 17, 15, 14, 13, 10, 8. ಈ ಆಟದಲ್ಲಿ ಸರಿಸಂಖ್ಯೆಗೆ ಏರಿದಾಗಲೇ ಲಾಭ. ನಿಮ್ಮ 13, 9, 7 ಮೂರೂ ಒಂದೊಂದು ಮೆಟ್ಟಿಲು ಹತ್ತುತ್ತವೆ. ಬೆಸಸಂಖ್ಯೆ ಮೂರು ಇರುವವರಿಗೆ ಮಾನವ ಒಳ್ಳೆಯ ಆಯ್ಕೆ.

ಇಪ್ಪತ್ತು ಮುಖ
ಈಗ ಅಂಕ ಸೇರುವುದು ಮಾನವ, ಎಲ್ಫ್ ಎಂಬ ಕುಲದಿಂದಲ್ಲ, ಹಿನ್ನೆಲೆಯಿಂದ ಅಲ್ಲವೇ?

ಲೆಕ್ಕದ ಮೇಷ್ಟ್ರು
ಅದು 2024ರ ಪರಿಷ್ಕೃತ ಪುಸ್ತಕದಲ್ಲಿ. ಇವರು 2014ರದ್ದನ್ನು ಆಡುತ್ತಿದ್ದಾರೆ.

ಕಪ್ಪು ಶಾಯಿ
ನಾನು ಆರು ವರ್ಷದಿಂದ ಆಟ ನಡೆಸುತ್ತಿದ್ದೇನೆ. ಹನ್ನೊಂದು ಪುಟ ಬರೆದವರಿಗೆ ನನ್ನದೊಂದು ಅನುಭವ ಹೇಳುತ್ತೇನೆ, ತಮ್ಮಾ. ನಮ್ಮ ಮೇಜಿಗೆ ಒಬ್ಬರು ಬಂದರು. ವಿಝಾರ್ಡ್, ಅಂದರೆ ಮಾಂತ್ರಿಕನ ಪಾತ್ರ. ಗುರುಕುಲ, ಗುರುವಿನ ದ್ರೋಹ, ಅಕ್ಕನ ಸಾವು, ಎಲ್ಲವನ್ನೂ ದಿನಾಂಕ ಸಮೇತ ಬರೆದು ತಂದಿದ್ದರು. ಒಂದನೇ ಹಂತದ ವಿಝಾರ್ಡಿಗೆ ಆರು ಪ್ರಾಣಾಂಕ, ತಾಳಿಕೆ ಚೆನ್ನಾಗಿದ್ದರೆ ಏಳೋ ಎಂಟೋ; ಅದು ಮುಗಿದರೆ ಪಾತ್ರ ಬೀಳುತ್ತದೆ. ಒಂದು ಗಾಬ್ಲಿನ್ ಹೊಡೆತ ಸರಾಸರಿ ಐದು. ಮೊದಲ ದಿನವೇ, ಕಾಡುದಾರಿಯಲ್ಲಿ, ಎರಡು ಹೊಡೆತಕ್ಕೆ ಬಿದ್ದ. ಬದುಕಲು ಹಾಕುವ ಪ್ರಾಣದ ಗರವೂ ಮೂರು ಸಲ ಕೈಕೊಟ್ಟು ಪಾತ್ರ ಸತ್ತಿತು. ಆ ಅಕ್ಕನ ಕಥೆ ಯಾರ ಕಿವಿಗೂ ಬೀಳಲೇ ಇಲ್ಲ. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ಅಂದಿನಿಂದ ನಾನು ಹೊಸಬರಿಂದ ಮೂರೇ ವಿಷಯ ಕೇಳುತ್ತೇನೆ. ಇವನು ಯಾರಿಗೆ ಏನು ಬಾಕಿ ಇದ್ದಾನೆ? ಮೇಜಿನಲ್ಲಿರುವ ಯಾರನ್ನು ಇವನಿಗೆ ಮೊದಲೇ ಗೊತ್ತು? ಅಂಕ ಎಲ್ಲಿ ಕಡಿಮೆಯೋ ಅಲ್ಲಿ ಏನಾಗಿದೆ? ಮೂರನೆಯದನ್ನು ಜನ ಮರೆಯುತ್ತಾರೆ. 16 ಎಲ್ಲಿಟ್ಟರೂ ಪಾತ್ರ ಗೆಲ್ಲುತ್ತದೆ. 7 ಎಲ್ಲಿ ಕೂರುತ್ತದೆಯೋ ಅಲ್ಲಿ ಆ ಮನುಷ್ಯ ಇದ್ದಾನೆ. "ವರ್ಚಸ್ಸಿಗೆ ತಳ್ಳಿ" ಎಂದು ಹೇಳಿಬಿಡುವುದು ಸುಲಭ, ಯಾಕೆ ಅವನಿಗೆ ಮಾತು ಬರುವುದಿಲ್ಲ ಎಂದು ಯೋಚಿಸಿದರೆ ಅರ್ಧ ಹಿನ್ನೆಲೆ ಮುಗಿಯಿತು.

ನಾಲೆ ಪಕ್ಕದ ಮನೆ
ಅಕ್ಕಾ, "ಯಾರಿಗೆ ಏನು ಬಾಕಿ" ಎಂಬುದನ್ನು ಓದಿದ ತಕ್ಷಣ ಒಬ್ಬ ಮನುಷ್ಯ ಕಣ್ಣ ಮುಂದೆ ಬಂದ. ನಮ್ಮ ಊರಿನಲ್ಲಿ ನಾನು ಚಿಕ್ಕವನಿದ್ದಾಗ ಒಬ್ಬರು ನೀರುಗಂಟಿ ಇದ್ದರು. ರಾತ್ರಿ ಎರಡಕ್ಕೂ ಲಾಟೀನು ಹಿಡಿದು ಏರಿಯ ಮೇಲೆ ನಡೆಯುತ್ತಿದ್ದರು. ಭುಜದ ಮೇಲೆ ಗುದ್ದಲಿ, ಮೊಣಕಾಲವರೆಗೆ ಕೆಸರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವರ ತಲೆಯಲ್ಲಿತ್ತು. ತೂಬಿನ ಹಲಗೆಯನ್ನು ನಾಲ್ಕು ಬೆರಳು ಎತ್ತಿದರೆ ಎಷ್ಟು ಗದ್ದೆ ನೆನೆಯುತ್ತದೆ ಎಂದು ನೀರಿನ ಸದ್ದು ಕೇಳಿಯೇ ಹೇಳುತ್ತಿದ್ದರು. ಮಾತು ಬಹಳ ಕಡಿಮೆ. ಇಂಥವರೊಬ್ಬರನ್ನು ಈ ಆಟಕ್ಕೆ ತರಬಹುದೇ? ಯಾವ ವರ್ಗಕ್ಕೆ ಸೇರಿಸಲಿ?

ಮಳವಳ್ಳಿ ದಾರಿ
ಒಂದು ತಿದ್ದುಪಡಿ. ನಮ್ಮ ಕಡೆ ಕೆರೆಗೆ ನೀರುಗಂಟಿ, ನಾಲೆಗೆ ಸೌಡಿ ಎನ್ನುತ್ತೇವೆ. ನಿಮ್ಮದು ನಾಲೆ ಬಯಲಾದರೆ ಸೌಡಿ ಎಂದು ಬರೆಯಿರಿ.

ಆದರೆ ಪಾತ್ರ ಅದ್ಭುತ. ಮದ್ದೂರು, ಮಳವಳ್ಳಿ ಕಡೆಯ ನಾವು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದವರು. ಮೇಲಿನವರು ತೂಬು ಎತ್ತಿಕೊಂಡರೆ ಕೆಳಗಿನವರ ಪೈರು ಒಣಗುವುದನ್ನು ಕಣ್ಣಾರೆ ಕಂಡಿದ್ದೇವೆ. ನೀರು ಬಿಡುವವನ ಕೈಯಲ್ಲಿ ಎಷ್ಟು ಮನೆಗಳ ಒಲೆ ಇದೆ ಎಂಬುದು ನಮಗೆ ಹೇಳಿಕೊಡಬೇಕಾಗಿಲ್ಲ.

ನಾಲೆ ಪಕ್ಕದ ಮನೆ
ನಮ್ಮದು ಕೆರೆ ಬಯಲು, ನಾಲೆ ಆಮೇಲೆ ಬಂದದ್ದು. ನೀರುಗಂಟಿ ಎಂದೇ ಇಡುತ್ತೇನೆ.

ಇಪ್ಪತ್ತು ಮುಖ
ಒಂದು ಪ್ರಾಮಾಣಿಕ ಆಕ್ಷೇಪ. ಈ ಆಟ ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಟ್ಟಿದ್ದು. ಎಲ್ಫ್, ಡ್ವಾರ್ಫ್, ಗಾಬ್ಲಿನ್ ಎಲ್ಲವೂ ಯುರೋಪಿನ ಕಥೆಗಳಿಂದ ಬಂದವು. ಅದರೊಳಗೆ ಮಂಡ್ಯದ ಗದ್ದೆ ಬಯಲನ್ನು ಹೊಲಿಯಲು ಹೋದರೆ ಎರಡೂ ಕೆಡುತ್ತವೆ. ನಾನು ಭಾನುವಾರ ಆಡಲು ಕೂರುವುದು ಬೇರೆ ಲೋಕಕ್ಕೆ ಹೋಗಲು. ಊರಿನ ನೀರಿನ ಜಗಳ ವಾರವಿಡೀ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ.

ಕಪ್ಪು ಶಾಯಿ
ಬೇರೆ ಲೋಕ ಎಂದರೆ ನೀರಿಲ್ಲದ ಲೋಕವೇ? ಆ ಎಲ್ಫುಗಳೂ ಯಾರದೋ ಊರಿನ ಅಜ್ಜಿ ಹೇಳಿದ ಕಥೆಯಿಂದಲೇ ಬಂದವು. ನಮ್ಮ ಅಜ್ಜಿಯರು ಹೇಳಿದ್ದಕ್ಕೆ ಮಾತ್ರ ಬಾಗಿಲು ಮುಚ್ಚಬೇಕೇ?

ಚೌಕಾಬಾರ
ಹುಲಿಕೆರೆ ಸುರಂಗದೊಳಗೆ ನಾಲೆ ನುಗ್ಗಿ ಹೋಗುವುದನ್ನು ನೋಡಿದ್ದೀರಾ? ಶ್ರೀರಂಗಪಟ್ಟಣದ ಬಳಿ ಬಂಗಾರದೊಡ್ಡಿ ನಾಲೆ ನದಿಯ ಮೇಲೆಯೇ ದಾಟಿ ಹೋಗುತ್ತದೆ. ಕೆಳಗೆ ಕಾವೇರಿ, ಮೇಲೆ ನಾಲೆ. ಇದಕ್ಕಿಂತ ಬೇರೆ ಲೋಕ ಬೇಕೇ?

ವಿದ್ಯಾರಣ್ಯಪುರಂ
ನಮ್ಮ ಮೇಜಿನಲ್ಲಿ ನಾನು ಜೆಟ್ಟಿ ಪಾತ್ರ ಮಾಡಿದ್ದೇನೆ. ದಸರೆಯಲ್ಲಿ ಅರಮನೆಯೊಳಗೆ ನಡೆಯುವ ವಜ್ರಮುಷ್ಟಿ ಕಾಳಗ ಗೊತ್ತಲ್ಲ, ಒಬ್ಬರ ತಲೆಯಿಂದ ರಕ್ತದ ಮೊದಲ ಹನಿ ಬಿದ್ದ ಕೂಡಲೇ ನಿಲ್ಲಿಸುತ್ತಾರೆ. ಬರಿಗೈಯಲ್ಲಿ ಕಾದುವ ಮಾಂಕ್ ವರ್ಗ ತೆಗೆದುಕೊಂಡೆ. ನನ್ನ ಪಾತ್ರ ಎದುರಾಳಿಗೆ ರಕ್ತ ಬಂದ ಕೂಡಲೇ ಕೈ ಇಳಿಸುತ್ತಾನೆ, ಪ್ರಾಣ ಹೋಗುವಂತಿದ್ದರೂ ಸರಿ. ಆ ಒಂದು ಕಟ್ಟುಪಾಡಿನಿಂದ ಇಡೀ ತಂಡಕ್ಕೆ ಎಷ್ಟು ಕಷ್ಟ, ಎಷ್ಟು ಕಥೆ!

ಬೀಸು ಕಂಸಾಳೆ
ಕೆಳಗಿನ ಇನ್ನೊಂದು ಚರ್ಚೆಯಲ್ಲಿ ಯಾರೋ "ಬಾರ್ಡ್ ಬದಲು ದೇವರಗುಡ್ಡ ಮಾಡಿ, ಮಾದಪ್ಪನ ಶಕ್ತಿಯನ್ನು ಮಂತ್ರಪಟ್ಟಿಗೆ ಸೇರಿಸಿ" ಎಂದು ಬರೆದಿದ್ದಾರೆ. ದೇವರಗುಡ್ಡರು ಅಂದರೆ ಮಲೆ ಮಹದೇಶ್ವರನ, ನಮ್ಮ ಮಾದಪ್ಪನ, ಕಥೆ ಹಾಡುವವರು. ಇಲ್ಲಿ ಊರಿನ ಪಾತ್ರಗಳ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಕಂಸಾಳೆ ಹಿಡಿದಿದ್ದಾರೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ದೀಕ್ಷೆ ಪಡೆದು ಹಿಡಿಯುವಂಥದ್ದು ಅದು. ನಮ್ಮ ತಾತ ಅದನ್ನು ನೆಲದ ಮೇಲೆ ಇಡುತ್ತಿರಲಿಲ್ಲ.

ಹಾಡುವ ಮನುಷ್ಯನನ್ನು ಪಾತ್ರ ಮಾಡಿ, ನನಗೆ ಸಂತೋಷ. ಊರೂರು ಸುತ್ತುತ್ತಾನೆ, ರಾತ್ರಿಯಿಡೀ ಕಥೆ ಹೇಳುತ್ತಾನೆ, ಬಿದ್ದವರಿಗೆ ಹುರುಪು ತುಂಬುತ್ತಾನೆ. ಬಾರ್ಡ್ ಮಾಡುವುದೂ ಅದನ್ನೇ. ಆದರೆ ಮಾದಪ್ಪನನ್ನು ಗರಕ್ಕೆ ಹಾಕಬೇಡಿ. ದೇವರಿಗೆ ಪ್ರಾಣಾಂಕ ಬರೆಯಬೇಡಿ. ಸೋಮವಾರ ಬೆಟ್ಟಕ್ಕೆ ನಡೆದು ಹೋಗುವ ಜನ ಇವತ್ತಿಗೂ ಇದ್ದಾರೆ.

ಇಪ್ಪತ್ತು ಮುಖ
ನನ್ನ ಆಕ್ಷೇಪದ ಅರ್ಧ ಭಾಗ ಇದೇ ಆಗಿತ್ತು, ನೀವು ಚೆನ್ನಾಗಿ ಹೇಳಿದಿರಿ. ಜೀವಂತ ನಂಬಿಕೆಯನ್ನು ಮೇಜಿಗೆ ತರುವುದು ಬೇಡ. ನೀರುಗಂಟಿಯ ವಿಷಯದಲ್ಲಿ ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಅವನು ದೇವರಲ್ಲ, ಕೆಲಸಗಾರ.

ವಿದ್ಯಾರಣ್ಯಪುರಂ
ವಿಷಯಾಂತರಕ್ಕೆ ಕ್ಷಮಿಸಿ. ಆರು ಗುಣಗಳಿಗೆ ನೀವೆಲ್ಲ ಕನ್ನಡದಲ್ಲಿ ಏನು ಹೇಳುತ್ತೀರಿ? ನಾವು ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎನ್ನುತ್ತೇವೆ.

ಲೆಕ್ಕದ ಮೇಷ್ಟ್ರು
ತಾಳಿಕೆಗಿಂತ ಕಸುವು ಚೆನ್ನ.

ಕಪ್ಪು ಶಾಯಿ
ಕಸುವು ಎಂದರೆ ಬಲದ ಕಡೆಗೂ ವಾಲುತ್ತದೆ, ತಾಳಿಕೆಯೇ ಇರಲಿ. ನನ್ನ ತಕರಾರು ವಿವೇಕದ ಮೇಲೆ. ಆಟದಲ್ಲಿ ಆ ಗುಣ ಏನು ಮಾಡುತ್ತದೆ ನೋಡಿ: ದೂರದ ಸದ್ದು ಕೇಳುವುದು, ಎದುರಿನವರ ಮನಸ್ಸಿನಲ್ಲಿರುವುದು ತಿಳಿಯುವುದು, ಕಾಡಿನಲ್ಲಿ ಹೆಜ್ಜೆ ಗುರುತಿಸುವುದು, ಕಾಯಿಲೆ ಪತ್ತೆ ಹಚ್ಚುವುದು. ಅದನ್ನೆಲ್ಲ ನಾವು ಅರಿವು ಎನ್ನುತ್ತೇವೆ. ವಿವೇಕ ಎಂದ ಕೂಡಲೇ ಹೊಸಬರು ಗಡ್ಡದ ಮುನಿಯನ್ನು ಊಹಿಸಿಕೊಳ್ಳುತ್ತಾರೆ. ಅರಿವು ಎಂದರೆ ನೀರಿನ ಸದ್ದು ಕೇಳಿ ಹಲಗೆ ಎಷ್ಟು ಎದ್ದಿದೆ ಎಂದು ಹೇಳುವ ನೀರುಗಂಟಿ ಕಾಣುತ್ತಾನೆ. ತಮ್ಮಾ, ನಿನ್ನ 16 ಅಲ್ಲಿಗೆ ಹೋಗಬೇಕು.

ಚೌಕಾಬಾರ
ಅರಿವಿಗೆ ನನ್ನ ಒಪ್ಪಿಗೆ ಇದೆ. ಇಂದಿನಿಂದ ನಮ್ಮ ಹಾಳೆಯಲ್ಲೂ ಅದೇ.

ಮಳವಳ್ಳಿ ದಾರಿ
ಹಾಗಾದರೆ ರೇಂಜರ್ ಅಲ್ಲವೇ? ರಾತ್ರಿ ನಡೆಯುವವನು, ಜಾಡು ತಿಳಿದವನು.

ಲೆಕ್ಕದ ಮೇಷ್ಟ್ರು
2014ರ ರೇಂಜರಿಗೆ ಒಂದನೇ ಹಂತದಲ್ಲಿ ಮಂತ್ರವಿಲ್ಲ, ಪರಿಚಿತ ನೆಲ ಎಂದು ಕಾಡು, ಬೆಟ್ಟ, ಜೌಗು ಇತ್ಯಾದಿಗಳಲ್ಲಿ ಒಂದನ್ನು ಆರಿಸಬೇಕು. ಗದ್ದೆ ಬಯಲು ಪಟ್ಟಿಯಲ್ಲಿಲ್ಲ. ನಾನು ಪ್ರಕೃತಿಯ ಮಂತ್ರ ಬಲ್ಲ ಡ್ರೂಯಿಡ್ ಎನ್ನುತ್ತೇನೆ. ಹಾಕಿ ನೋಡಿದೆ:

ಮಾನವ. ಅರಿವು 17, ತಾಳಿಕೆ 15, ಚುರುಕು 14, ಬಲ 13, ಬುದ್ಧಿ 10, ವರ್ಚಸ್ಸು 8. ಪ್ರಾಣಾಂಕ 10. ತೊಗಲಿನ ಕವಚ, ಮರದ ಗುರಾಣಿ ಸೇರಿ ರಕ್ಷಣಾಂಕ 15. ಡ್ರೂಯಿಡ್ ಲೋಹದ ಕವಚ ಧರಿಸುವುದಿಲ್ಲ, ನೀರುಗಂಟಿಗೂ ಅದು ಬೇಕಿಲ್ಲ. ಕೈಯಲ್ಲಿ ಕೋಲು. ಶಿಲೇಲಿ ಎಂಬ ಪುಟ್ಟ ಮಂತ್ರ ತೆಗೆದುಕೊಂಡರೆ ಕೋಲಿನ ಹೊಡೆತ ಬಲದಿಂದಲ್ಲ, ಅರಿವಿನಿಂದ ಲೆಕ್ಕವಾಗುತ್ತದೆ: ಇಪ್ಪತ್ತರ ದಾಳಕ್ಕೆ 5 ಸೇರಿಸಿ ಹೊಡೆಯಬಹುದು.

ದಿನಕ್ಕೆ ನಾಲ್ಕು ಮಂತ್ರ ಸಿದ್ಧ ಮಾಡಿಕೊಳ್ಳಬಹುದು, ಎರಡು ಸಲ ಪ್ರಯೋಗಿಸಬಹುದು. ನೀರು ಸೃಷ್ಟಿಸುವ ಮಂತ್ರ ಒಂದನೇ ಹಂತದಲ್ಲೇ ಇದೆ. ಒಂದು ಸಲಕ್ಕೆ ಹತ್ತು ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 38 ಲೀಟರ್.

ಮಳವಳ್ಳಿ ದಾರಿ
ಮೂರು ಬಿಂದಿಗೆ. ಎರಡು ಸಲಕ್ಕೆ ಆರು ಬಿಂದಿಗೆ. ಒಂದು ಮನೆಗೆ ಕುಡಿಯಲು ಸಾಕು, ಒಂದು ಗುಂಟೆ ಗದ್ದೆಯನ್ನೂ ನೆನೆಸುವುದಿಲ್ಲ. ಒಣಗಿದ ಬಯಲಿನ ಎದುರು ನಿಂತ ಮನುಷ್ಯನಿಗೆ ಆರು ಬಿಂದಿಗೆ ನೀರಿನ ಶಕ್ತಿ ಮಾತ್ರ ಇದೆ. ಇದನ್ನು ಓದಿ ನನಗೆ ಎದೆ ಭಾರವಾಯಿತು.

ಗಂಜೀಫಾ
ಪಾತ್ರ ಸಿದ್ಧವಾದ ಮೇಲೆ ಚಿತ್ರ ಬರೆಯಲು ಮರೆಯಬೇಡಿ. ನಾನು ನಮ್ಮ ಆಟದ ಎಲ್ಲ ಪಾತ್ರಗಳನ್ನೂ ಗಂಜೀಫಾ ಇಸ್ಪೀಟಿನ ಎಲೆಗಳಂತೆ ದುಂಡಗಿನ ರಟ್ಟಿನ ಮೇಲೆ ಬರೆಯುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದ ಹೊಸ ಬಗೆಗಳನ್ನು ರೂಪಿಸಿದ ಊರು ಇದು, ಆಟಕ್ಕೆ ಚಿತ್ರ ಬರೆಯುವುದು ಇಲ್ಲಿಗೆ ಹೊಸದೇನಲ್ಲ. ಅಂಗೈ ಅಗಲದ ಎಲೆ, ಅಂಚಿಗೆ ಕೆಂಪು. ಮೇಜಿನ ಮೇಲೆ ಇಟ್ಟರೆ ಯಾರು ಎಲ್ಲಿ ನಿಂತಿದ್ದಾರೆ ಎಂಬುದೂ ತಿಳಿಯುತ್ತದೆ.

ವಿದ್ಯಾರಣ್ಯಪುರಂ
ಮದ್ದೂರು ವಡೆ ತಿಂದ ಕೈಯಲ್ಲಿ ಆ ಎಲೆಗಳನ್ನು ಮುಟ್ಟದಂತೆ ಮೊದಲೇ ಹೇಳಿಬಿಡಿ. ನಮ್ಮ ಹಾಳೆಗಳೆಲ್ಲ ಎಣ್ಣೆ.

ನಾಲೆ ಪಕ್ಕದ ಮನೆ
ಎರಡು ದಿನ ಯೋಚಿಸಿ ಬರೆದೆ. ಈ ಸಲ ಹನ್ನೊಂದು ಪುಟವಲ್ಲ, ಇಷ್ಟೇ:

"ಮೇಲೂರು, ಕೆಳಗೂರು ಎರಡಕ್ಕೂ ಒಂದೇ ಕೆರೆ, ಒಬ್ಬನೇ ನೀರುಗಂಟಿ. ಬರದ ವರ್ಷ ಮೇಲೂರಿನವರು ಒಂದು ರಾತ್ರಿ ಬಂದು ಕೆಳಗಿನ ತೂಬು ಮುಚ್ಚು ಎಂದರು. ಅವನು ಆಗದು ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಹಲಗೆ ಇಳಿಸಿದ. ಹದಿನೆಂಟು ದಿನದಲ್ಲಿ ಕೆಳಗೂರಿನ ಪೈರು ಹುಲ್ಲಾಯಿತು, ಜನ ಊರು ಬಿಟ್ಟರು. ಕೆಳಗೂರಿನಿಂದ ಹೋದವರು ಎಲ್ಲಿದ್ದಾರೆ ಎಂದು ಹುಡುಕಿಕೊಂಡು ಅವನು ಹೊರಟಿದ್ದಾನೆ. ಸಿಕ್ಕರೆ ಏನು ಹೇಳಬೇಕು ಎಂಬುದು ಇನ್ನೂ ಅವನಿಗೆ ಗೊತ್ತಿಲ್ಲ."

ವರ್ಚಸ್ಸಿಗೆ ಇಟ್ಟ ಗರದ 7 ಆ ರಾತ್ರಿಯದ್ದು. ಅಕ್ಕಾ, ನಿಮ್ಮ ಎರಡನೇ ಪ್ರಶ್ನೆ ಮಾತ್ರ ಉಳಿದಿದೆ. ಮೇಜಿನಲ್ಲಿರುವ ಯಾರೂ ಇವನಿಗೆ ಗೊತ್ತಿಲ್ಲ.

ಕಪ್ಪು ಶಾಯಿ
ಅದನ್ನು ನೀನೊಬ್ಬನೇ ಬರೆಯುವಂತಿಲ್ಲ. ಉಳಿದ ಮೂವರಲ್ಲಿ ಒಬ್ಬರನ್ನು ಕೇಳು, ಕೆಳಗೂರಿನವರಾಗಲು ಒಪ್ಪುತ್ತಾರೆಯೇ ಎಂದು. ಒತ್ತಾಯ ಬೇಡ. ಒಬ್ಬರು ಒಪ್ಪಿದರೆ ಸಾಕು.

ಸರಸ್ವತಿಪುರಂ ಪಡಸಾಲೆ
ದಾಳದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಈ 7 ಸಿದ್ಧ ಸಾಲಿನಲ್ಲಿ ಸಿಗುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ.

ಮಹಡಿ ಮೇಜು
ಆ ಪ್ರಶ್ನೆ ಕೇಳಿದ ಗೆಳೆಯ ನಾನೇ. ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೆ, ನೀನೇ ಬರೆದು ಮುಗಿಸಲಿ ಎಂದು ಸುಮ್ಮನಿದ್ದೆ. ನನ್ನ ನಕಾಶೆಯಲ್ಲಿ ಒಂದು ನದಿ ಇತ್ತು, ಅದರ ಮೇಲ್ಭಾಗದಲ್ಲಿ ಏನೂ ಬರೆದಿರಲಿಲ್ಲ. ನಿನ್ನೆ ರಾತ್ರಿ ಎರಡು ಊರು, ಒಂದು ಕೆರೆ ಬರೆದಿದ್ದೇನೆ.

ನಮ್ಮ ರೋಗ್ ಆಡುವವಳಿಗೆ ನಿನ್ನ ಆ ಸಾಲುಗಳನ್ನು ಕಳಿಸಿದೆ. ಆಕೆಯ ಪಾತ್ರ ಬಂದರು ಪಟ್ಟಣದಲ್ಲಿ ಜೇಬು ಕತ್ತರಿಸಿ ಬದುಕುವ ಹುಡುಗಿ, ಯಾವ ಊರು ಎಂದು ಬರೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಬಂದಿತು: "ಕೆಳಗೂರು ಎಂದು ಬರೆದುಕೊಳ್ಳಿ. ತೂಬು ಮುಚ್ಚಿದವನು ಯಾರು ಎಂಬುದು ಅವಳಿಗೆ ಗೊತ್ತಿಲ್ಲ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾ. ನಿನ್ನ ಹಾಳೆಯಲ್ಲಿ ಲಾಟೀನು ಇದೆ, ಎಣ್ಣೆ ಬರೆದಿಲ್ಲ. ಒಂದು ಬುಡ್ಡಿ ಎಣ್ಣೆ ಆರು ಗಂಟೆ ಉರಿಯುತ್ತದೆ. ಎರಡು ಬರೆದುಕೊಂಡು ಬಾ, ಮೊದಲ ದೃಶ್ಯ ರಾತ್ರಿಯಲ್ಲಿದೆ.